ಮುನ್ನೂರ ಇಪ್ಪತ್ತೈದು

ಡಿಗ್ರಿ ಕೈಗೆ ಬರುವ ಮೊದಲು
ಈ ಗೋಪುರ ಹತ್ತಿದವರು ಫೇಲಾಗುತ್ತಾರಂತೆ.
ಡರಮ್‌ನಲ್ಲಿ ಓದುವವರೆಲ್ಲ ಹೇಳುವ ಮಾತು.
ನಂಬುವುದಿಲ್ಲ ಅನ್ನುತ್ತಾರೆ, ನಗುತ್ತಾರೆ,
ಹತ್ತುವುದು ಮಾತ್ರ ಇಲ್ಲ.

ಪ್ರಬಂಧ ಒಪ್ಪಿಸಲು ಹನ್ನೊಂದು ದಿನ ಉಳಿದಿತ್ತು,
ಎರಡನೇ ಅಧ್ಯಾಯ ಇನ್ನೂ ಕುಂಟುತ್ತಿತ್ತು.
ಟಿಕೇಟು ಕೊಂಡವಳು ಎಫುವಾ,
ಹೊರಡುವ ಹೊತ್ತಿಗೆ ಅವಳಿಗೆ ಜ್ವರ.
ದುಡ್ಡು ವಾಪಸಿಲ್ಲ ಎಂದು ಬೆನ್ನಲ್ಲೇ ಅಚ್ಚಾಗಿತ್ತು.
ಕೋಲಾರದ ಕಡೆಯವಳು ನಾನು,
ಅಪಶಕುನಕ್ಕೆ ಹೆದರುತ್ತೇನೆ,
ದುಡ್ಡು ದಂಡವಾಗುವುದಕ್ಕೆ ಇನ್ನೂ ಹೆಚ್ಚು.

ಬಾಗಿಲು ಸಣ್ಣದು. ತಲೆ ತಗ್ಗಿಸಿದೆ.
ಒಳಗೆ ಸುತ್ತು ಮೆಟ್ಟಿಲು,
ಶಂಖದ ಹೊಟ್ಟೆಗೆ ಇರುವೆ ಹೊಕ್ಕ ಹಾಗೆ.
ನಡು ಸವೆದು ಒರಳಿನಂತೆ ಗುಳಿಬಿದ್ದ ಕಲ್ಲು:
ಯಾರ್ಯಾರ ಕಾಲೋ,
ಯಾವ್ಯಾವ ಕಾಲದ್ದೋ.

ಎಪ್ಪತ್ತರವರೆಗೆ ಎಣಿಸಿದೆ.
ಮೇಲಿನಿಂದ ಒಂದು ಸಂಸಾರ ಇಳಿದು ಬಂತು.
ಗೋಡೆಗೆ ಹಲ್ಲಿಯಂತೆ ಅಂಟಿಕೊಂಡೆ.
ಸಾರಿ, ಸಾರಿ, ಸಾರಿ ಎನ್ನುತ್ತ ಸರಿದರು,
ಸಾರಿ ಮುಗಿಯುವಷ್ಟರಲ್ಲಿ ಎಣಿಕೆ ತಪ್ಪಿತ್ತು.

ಆಗ, ಆ ಮಬ್ಬಿನಲ್ಲಿ, ಉಸಿರು ಎದೆಗೆ ಗುದ್ದುವಾಗ
ತಾತ ನೆನಪಾದ.
ಚಾಂಪಿಯನ್ ರೀಫ್ ಗಣಿಯಲ್ಲಿ ಮರ ಕೊಡುವ ಕೆಲಸ:
ಸುರಂಗ ಕುಸಿಯದಂತೆ ದಿಮ್ಮಿ ಆನಿಸಿ ನಿಲ್ಲಿಸುವುದು.
ಪಂಜರ ಇಳಿಯುವಾಗ ಕಿವಿ ಗುಯ್ಗುಡುತ್ತಿತ್ತಂತೆ,
ಬಂಡೆ ಮುಟ್ಟಿದರೆ
ಜ್ವರದ ಮಗುವಿನ ಹಣೆಯಂತೆ.
ಬಂಗಾರ ಹೇಗಿತ್ತು ತಾತ ಎಂದರೆ ನಗುತ್ತಿದ್ದ,
"ಕಂಡೋರು ಯಾರವ್ವ?
ನಾನು ಕಂಡಿದ್ದೆಲ್ಲ ನೀಲಗಿರಿ ದಿಮ್ಮಿ."

ಇಲ್ಲಿ ಕಲ್ಲು ತಣ್ಣಗಿದೆ ತಾತ.
ಮುಟ್ಟಿ ನೋಡಿದೆ,
ಈಗಷ್ಟೇ ತೊಳೆದು ಬೋರಲಿಟ್ಟ ತಂಬಿಗೆಯಷ್ಟು.

ಕೊನೆಯ ಬಾಗಿಲು ದಾಟಿದಾಗ
ಮೊದಲು ಸಿಕ್ಕಿದ್ದು ನೋಟವಲ್ಲ, ಗಾಳಿ.
ದುಪಟ್ಟಾ ಎಳೆದು ಬಾಯಿಗೇ ತುರುಕಿತು.
ಆಮೇಲೆ ಹೊಳೆ,
ಊರನ್ನು ಮೂರು ಕಡೆ ಬಳಸಿ
ನಾಲ್ಕನೆಯದಕ್ಕೆ ಮನಸ್ಸು ಬದಲಿಸಿ ಹೋದದ್ದು.
ಎತ್ತರದ ಕಮಾನುಗಳ ಮೇಲೆ ತೆವಳುವ ರೈಲು
ನಮ್ಮ ಕಡೆ ಮಕ್ಕಳು ರೈಲುಹುಳ ಅನ್ನುತ್ತಾರಲ್ಲ,
ಥೇಟ್ ಅದರ ಹಾಗೇ.
ಲೈಬ್ರರಿಯ ಚಾವಣಿ ಹುಡುಕಿದೆ,
ನಾನು ಕೂರುವ ಕಿಟಕಿ ಗೊತ್ತಾಗಲಿಲ್ಲ.
ಎರಡನೇ ಅಧ್ಯಾಯ ಇಲ್ಲಿಂದ ಎಷ್ಟು ಚಿಕ್ಕದು!

ಕಾವಲಿಗಿದ್ದ ಮುದುಕ, ಎದೆಯ ಬಿಲ್ಲೆಯಲ್ಲಿ ಆಲ್ಡರ್ಸನ್,
ಯಾವ ಊರು ಎಂದು ಕೇಳಿದ.
ಬೆಂಗಳೂರಿನ ಹತ್ತಿರ ಎಂದೆ, ಎಲ್ಲರಿಗೂ ಹೇಳುವಂತೆ.
ಆಮೇಲೆ ಯಾಕೋ ನಾಲಿಗೆ ನಿಲ್ಲಲಿಲ್ಲ,
ಗಣಿಯ ಊರು ಎಂದೆ.
ಅವನು ಪೂರ್ವಕ್ಕೆ ಕೈ ಚಾಚಿದ, ಸಮುದ್ರದ ಕಡೆಗೆ.
"ನಮ್ಮಪ್ಪನದು ಕಲ್ಲಿದ್ದಲು.
ನಿಮ್ಮದು ಎಷ್ಟು ಆಳ?"
ಮೂರು ಕಿಲೋಮೀಟರು.
ಮೈಲಿಗೆ ಬದಲಿಸಿಕೊಳ್ಳುತ್ತ ತುಟಿ ಅಲುಗಿಸಿದ,
ಕಟಾಂಜನದಿಂದ ಒಮ್ಮೆ ಕೆಳಗೆ ಬಗ್ಗಿ ನೋಡಿದ,
ಟೋಪಿ ತೆಗೆದು ಕೈಯಲ್ಲಿ ಹಿಡಿದ.
ಗಾಳಿಗೆ ಹಾರೀತು ಎಂದೋ ಏನೋ.

"ಓದು ಮುಗಿಯಿತಾ?"
ಇನ್ನು ಹನ್ನೊಂದು ದಿನ ಎಂದೆ.
ಸತ್ತ ಮನೆಯಲ್ಲಿ ಆಡಿಸುವಂತೆ ತಲೆ ಆಡಿಸಿದ,
ಕಣ್ಣು ಮಾತ್ರ ನಗುತ್ತಿತ್ತು.

ಇಳಿಯುವಾಗ ಮಂಡಿ ನಡುಗಿತು.
ಇಳಿಯೋದು ಏನಲ್ಲ ಬಿಡು, ಅನ್ನುತ್ತಿದ್ದ ತಾತ,
ಪಾಳಿ ಮುಗಿಸಿ ಮೇಲೆ ಬಂದಾಗ
ಬಿಸಿಲು ಕಣ್ಣಿಗೆ ಸೂಜಿ ಹಾಕುತ್ತೆ,
ಎದುರಿಗೆ ನಿಂತ ನಿಮ್ಮಜ್ಜಿಯೂ
ಒಂದು ಗಳಿಗೆ ಯಾರೋ ಅನ್ನಿಸುತ್ತಾಳೆ.

ಅರ್ಧ ದಾರಿಯಲ್ಲಿ
ಕೆಳಗಿನ ತಿರುವಿನಿಂದ ಒಂದು ಎಳೆಯ ದನಿ:
ನೂರ ಅರವತ್ತೆಂಟು, ನೂರ ಅರವತ್ತೊಂಬತ್ತು.
ಏಳೆಂಟು ವರ್ಷದ ಹುಡುಗ,
ಒಂದೊಂದು ಮೆಟ್ಟಿಲಿಗೂ ಬೆರಳು ಮಡಿಸುತ್ತ.
ಗೋಡೆಗೆ ಅಂಟಿ ದಾರಿ ಬಿಟ್ಟೆ.
ಸಾರಿ ಅನ್ನಲಿಲ್ಲ,
ಉಸಿರು ಕೂಡ ಹಿಡಿದುಕೊಂಡೆ.
ಅವನ ಎಣಿಕೆ ತಪ್ಪಬಾರದು.